ರೋವರ್ ಮೈಕಟ್ಟು, ಟ್ರ್ಯಾಕ್ಟರ್ ವಂಶದ ಎಂಜಿನ್

ಫೋರ್ಡ್ ಮರೈಮಲೈ ನಗರಕ್ಕೂ ಹುಂಡೈ ಶ್ರೀಪೆರುಂಬುದೂರಿಗೂ ಬಂದ ಮೇಲೆ, ಅಂದರೆ 1990ರ ದಶಕದಲ್ಲಿ, ಚೆನ್ನೈ ಕಾರುಗಳ ಊರಾಯಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ನಾನೂ ಬೆಂಗಳೂರಿನಿಂದ ಇಲ್ಲಿಗೆ ಕೆಲಸಕ್ಕೆ ಬಂದಾಗ ಹಾಗೆಯೇ ಅಂದುಕೊಂಡಿದ್ದೆ. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, ತಾಂಬರಂ ದಾಟಿ ವಂಡಲೂರಿಗೆ ಹೋಗುವ ಜಿಎಸ್‌ಟಿ ರಸ್ತೆಯ ಪಕ್ಕದಲ್ಲಿ, ಯುರೋಪಿನಲ್ಲಿ ‘ವರ್ಷದ ಕಾರು’ ಎನಿಸಿಕೊಂಡಿದ್ದ ಐದು ಬಾಗಿಲಿನ ದೊಡ್ಡ ಹ್ಯಾಚ್‌ಬ್ಯಾಕ್ ಒಂದು ತಯಾರಾಗುತ್ತಿತ್ತು. ಅದರ ಹೆಸರು ಸ್ಟ್ಯಾಂಡರ್ಡ್ 2000. ಬಂದದ್ದು 1985ರಲ್ಲಿ, 1988ರ ಹೊತ್ತಿಗೆ ಕತೆ ಮುಗಿಯಿತು.

ನನ್ನ ಕೆಲಸ ವೆಹಿಕಲ್ ಇಂಟಿಗ್ರೇಷನ್. ಒಬ್ಬರು ಎಂಜಿನ್ ಮಾಡುತ್ತಾರೆ, ಇನ್ನೊಬ್ಬರು ಸಸ್ಪೆನ್ಷನ್, ಮತ್ತೊಬ್ಬರು ಬಾಡಿ. ಇವೆಲ್ಲ ಒಂದೇ ಕಾರಾಗಿ ನಡೆಯುವಂತೆ ನೋಡಿಕೊಳ್ಳುವುದು ನಮ್ಮ ಪಾಲು. ತಂಡಕ್ಕೆ ಹೊಸಬರು ಬಂದಾಗ ನಾನು ಮೊದಲು ಹೇಳುವುದು ಈ ಕಾರಿನ ಕತೆಯನ್ನೇ.

ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ 1948ರಲ್ಲಿ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಕಂಪನಿಯ ಸಹಯೋಗದಲ್ಲಿ ಮದ್ರಾಸಿನಲ್ಲಿ ಶುರುವಾದ ಸಂಸ್ಥೆ. ನಮ್ಮ ಕಡೆಯ ಹಿರಿಯರಿಗೆ ಈ ಹೆಸರು ಹೆರಾಲ್ಡ್ ಕಾರಿನ ಮೂಲಕ ನೆನಪಿರಬಹುದು. 1961ರಿಂದ ಇಲ್ಲಿ ತಯಾರಾದ ಹೆರಾಲ್ಡ್‌ನ ಬಾನೆಟ್ ಮಡ್‌ಗಾರ್ಡ್‌ಗಳ ಸಮೇತ ಮುಂದಕ್ಕೆ ಬಾಗುತ್ತಿತ್ತು. ಮೆಕ್ಯಾನಿಕ್ ಮುಂದಿನ ಚಕ್ರದ ಮೇಲೆ ಕೂತು ಕೆಲಸ ಮಾಡಬಹುದಿತ್ತು. ಮದ್ರಾಸಿನವರು ಅದನ್ನು ಹಾಗೆಯೇ ನಕಲು ಮಾಡುತ್ತ ಕೂರಲಿಲ್ಲ. ಇಂಗ್ಲೆಂಡಿನಲ್ಲಿ ಎಂದೂ ಇರದ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದರು. ಅದರ ಹಿಂದಿನ ಆಕ್ಸಲ್ ಬಗ್ಗೆ ಇಲ್ಲಿನ ಚಾಲಕರೂ ಮೆಕ್ಯಾನಿಕ್‌ಗಳೂ ಗೊಣಗಿದಾಗ, 1970ರ ದಶಕದ ಗೆಝೆಲ್ ಕಾರಿಗೆ ಗಟ್ಟಿ ಲೈವ್ ಆಕ್ಸಲ್ ಹಾಕಿದರು. ಸಣ್ಣ ಹೆಜ್ಜೆಗಳು, ಆದರೆ ತಿಳಿದು ಇಟ್ಟ ಹೆಜ್ಜೆಗಳು. ಗೆಝೆಲ್ ನಿಂತ ಮೇಲೆ ಕೆಲವು ವರ್ಷ ಕಂಪನಿಯಿಂದ ಕಾರೇ ಬರಲಿಲ್ಲ, ವ್ಯಾನುಗಳಷ್ಟೇ ಬಂದವು. ಆಮೇಲೆ ಒಮ್ಮೆಲೇ ದೊಡ್ಡ ಜಿಗಿತ: ರೋವರ್ ಎಸ್‌ಡಿ1.

ಈ ರೋವರ್ ಸಾಮಾನ್ಯ ಕಾರಲ್ಲ. 1976ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾಗಿ 1977ರ ಯುರೋಪಿನ ವರ್ಷದ ಕಾರಾಯಿತು. ವಿನ್ಯಾಸ ಡೇವಿಡ್ ಬಾಶ್ ಅವರದು, ಎಂಜಿನಿಯರಿಂಗ್ ಸ್ಪೆನ್ ಕಿಂಗ್ ಅವರದು. ರೇಂಜ್ ರೋವರ್ ರೂಪಿಸಿದ್ದೂ ಇದೇ ಕಿಂಗ್. ಮೂಗಿನ ಮೇಲೆ ಫೆರಾರಿ ಡೇಟೋನಾದ ನೆರಳು. ದೊಡ್ಡ ಸಾಹೇಬರ ಕಾರಿಗೆ ಪ್ರತ್ಯೇಕ ಡಿಕ್ಕಿ ಇರಲೇಬೇಕು ಎಂಬ ಕಾಲದಲ್ಲಿ, 4.7 ಮೀಟರ್ ಉದ್ದದ ಕಾರಿಗೆ ಹಿಂದಿನಿಂದ ಪೂರ್ತಿ ಮೇಲಕ್ಕೆ ತೆರೆಯುವ ಬಾಗಿಲು ಕೊಟ್ಟರು.

ಎಂಜಿನಿಯರ್ ಆಗಿ ನನಗೆ ಇಷ್ಟವಾಗುವುದು ಅದರ ಅಂದಕ್ಕಿಂತ ಅದರ ಹಿಂದಿನ ಮಿತವ್ಯಯದ ಯೋಚನೆ. ಹಿಂಬದಿಗೆ ದುಬಾರಿ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬದಲು ಸರಳ ಲೈವ್ ಆಕ್ಸಲ್ ಇಟ್ಟರು. ಆದರೆ ಅದು ಅಡ್ಡಡ್ಡ ಜಾರದಂತೆ ವಾಟ್ಸ್ ಲಿಂಕೇಜ್ ಜೋಡಿಸಿದರು. ಉಗಿ ಯಂತ್ರದ ಜೇಮ್ಸ್ ವಾಟ್ 18ನೇ ಶತಮಾನದಲ್ಲಿ ಕಂಡುಹಿಡಿದ ಆ ಸರಳುಗಳ ಜೋಡಣೆಯೇ ಇದು. ಚಕ್ರ ಹಳ್ಳಕ್ಕೆ ಇಳಿದರೂ ಉಬ್ಬಿಗೆ ಏರಿದರೂ ಆಕ್ಸಲ್ ನೇರ ಗೆರೆಯಲ್ಲೇ ಮೇಲೆ ಕೆಳಗೆ ಹೋಗುತ್ತದೆ. ಡ್ಯಾಶ್‌ಬೋರ್ಡ್ ಕೂಡ ಜಾಣತನದ್ದು. ಮೀಟರುಗಳ ಪೆಟ್ಟಿಗೆ ಪ್ರತ್ಯೇಕ, ಅದನ್ನು ಎಡಕ್ಕಾದರೂ ಇಡಬಹುದು, ಬಲಕ್ಕಾದರೂ ಇಡಬಹುದು. ಪ್ರಯಾಣಿಕರ ಎದುರಿನ ಗಾಳಿಕಿಂಡಿ, ಎಡಗೈ ಚಾಲನೆಯ ದೇಶಗಳಿಗೆ ಹೋಗುವ ಕಾರಿನಲ್ಲಿ ಸ್ಟೀರಿಂಗ್ ಕಂಬ ಹಾಯುವ ದಾರಿಯಾಗುತ್ತಿತ್ತು. ಒಂದೇ ಅಚ್ಚಿನಲ್ಲಿ ಎರಡು ಲೋಕ!

ಈ ಮೈಕಟ್ಟಿನೊಳಗೆ ಮೊದಲು ಕೂತದ್ದು 3.5 ಲೀಟರಿನ ವಿ8. ಅಮೆರಿಕದ ಬ್ಯೂಕ್ ಕೈಬಿಟ್ಟು ರೋವರ್ ಕೊಂಡ ಹಗುರ ಅಲ್ಯೂಮಿನಿಯಂ ಎಂಜಿನ್ ಅದು, 155 ಅಶ್ವಶಕ್ತಿಯದು. ಬ್ರಿಟಿಷ್ ಪೊಲೀಸರ ಹೆದ್ದಾರಿ ಗಸ್ತಿಗೆ ಈ ಕಾರು ಅಚ್ಚುಮೆಚ್ಚು. 1987ರ ಮೇ ತಿಂಗಳಲ್ಲಿ ಕಸಿಗಾಗಿ ಕಾಯುತ್ತಿದ್ದ ರೋಗಿಯೊಬ್ಬರಿಗೆ ಯಕೃತ್ತು ತಲುಪಿಸಲು ಲಂಡನ್ ಪೊಲೀಸರು ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಿಂದ ನಗರದೊಳಗಿನ ಆಸ್ಪತ್ರೆಗೆ ಓಡಿಸಿದ್ದು ಇದೇ ಕಾರನ್ನು. ಲಂಡನ್ನಿನ ವಾಹನ ಸಂದಣಿಯ ನಡುವೆ ಸುಮಾರು 27 ಮೈಲಿಯನ್ನು ಅರ್ಧ ಗಂಟೆಯಲ್ಲಿ ಮುಟ್ಟಿಸಿದರು.

ಅದೇ ಹೊತ್ತಿನಲ್ಲಿ ಮದ್ರಾಸಿನ ಎಸ್‌ಡಿ1 ಬಾನೆಟ್ ಕೆಳಗೆ ಏನಿತ್ತು? 1991 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಅದರ ಬೇರು 1947ರ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನಲ್ಲಿದೆ. ಅದೇ ಕುಟುಂಬದ ಎಂಜಿನ್ ಫರ್ಗ್ಯುಸನ್ ಟಿಇ20 ಟ್ರ್ಯಾಕ್ಟರಿನಲ್ಲೂ ಉತ್ತಿದೆ.

ಇಲ್ಲಿ ನಗುವುದು ಸುಲಭ. ಆದರೆ ಆ ಎಂಜಿನ್ ಕೆಟ್ಟದ್ದಲ್ಲ, ಅದರ ಕಾಲಕ್ಕೆ ಬಹಳ ಒಳ್ಳೆಯದು. ಅದು ವೆಟ್ ಲೈನರ್ ಮಾದರಿಯದು. ಹಂಡೆ ನೀರಿನಲ್ಲಿ ನಿಲ್ಲಿಸಿದ ಲೋಟಗಳಂತೆ ಸಿಲಿಂಡರಿನ ಕೊಳವೆಗಳು ಕೂಲಂಟ್ ನಡುವೆ ನಿಂತಿರುತ್ತವೆ. ಸವೆದರೆ ಇಡೀ ಬ್ಲಾಕ್ ಬೋರ್ ಮಾಡಿಸಬೇಕಿಲ್ಲ, ಕೊಳವೆ ತೆಗೆದು ಹೊಸದು ಹಾಕಿದರಾಯಿತು. ಹೊಲದ ಬದುವಿನಲ್ಲೇ ರಿಪೇರಿ ಆಗಬೇಕಾದ ಟ್ರ್ಯಾಕ್ಟರಿಗೆ ಇದಕ್ಕಿಂತ ಒಳ್ಳೆಯ ಗುಣ ಬೇರೆ ಬೇಕೆ? ಇದೇ 1991 ಸಿಸಿ ಗಾತ್ರದಲ್ಲಿ, 1953ರಲ್ಲಿ, ಅದು ಟ್ರಯಂಫ್ ಟಿಆರ್2 ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನೂ ಚೆನ್ನಾಗಿ ಓಡಿಸಿತು. ಏಕೆಂದರೆ ಆ ಕಾರು ಹಗುರವಾಗಿತ್ತು.

ಅದರ ಸ್ವಭಾವ ಅಡಗಿರುವುದು ಎರಡು ಅಳತೆಗಳಲ್ಲಿ. ಬೋರ್ 83 ಮಿಲಿಮೀಟರ್, ಸ್ಟ್ರೋಕ್ 92 ಮಿಲಿಮೀಟರ್. ಅಂದರೆ ಪಿಸ್ಟನ್ ಅಗಲಕ್ಕಿಂತ ಅದು ಓಡುವ ದಾರಿ ಉದ್ದ. ಇಂಥ ಎಂಜಿನ್ ಕಡಿಮೆ ವೇಗದಲ್ಲಿ ಎತ್ತಿನಂತೆ ಎಳೆಯುತ್ತದೆ, ಕುದುರೆಯಂತೆ ಓಡು ಎಂದರೆ ಏದುಸಿರು ಬಿಡುತ್ತದೆ. ಮದ್ರಾಸಿನ ರೂಪದಲ್ಲಿ ಅದರ ಶಕ್ತಿ ನೂರು ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಎಳೆಯಬೇಕಾದದ್ದು ಸುಮಾರು 1300 ಕೆಜಿ. ಗಾಳಿ ಸೀಳಲೆಂದು ರೂಪಿಸಿದ ಮೈಕಟ್ಟನ್ನು ನಮ್ಮ ರಸ್ತೆಗಳಿಗಾಗಿ ಎತ್ತರಿಸಿ, ಸಸ್ಪೆನ್ಷನ್ ಬಿಗಿ ಮಾಡಿದ್ದರು. ಅದು ತಪ್ಪಲ್ಲ, ಇಲ್ಲಿ ಅನಿವಾರ್ಯ. ಆದರೆ ತಳದಡಿ ಹೆಚ್ಚು ಗಾಳಿ ನುಗ್ಗಿದಷ್ಟೂ ಎಂಜಿನ್ನಿನ ಮೇಲಿನ ಹೊರೆ ಹೆಚ್ಚುತ್ತದೆ. ಹೊರೆ ಹೆಚ್ಚಿದಷ್ಟೂ ಪೆಟ್ರೋಲ್.

ಆ ಎಂಜಿನ್ ಏಕೆ ಹಾಕಿದರು? ಅದರ ಟೂಲಿಂಗ್ ಕೈಯಲ್ಲಿತ್ತು. ಹೊಸ ಎಂಜಿನ್ ತರಿಸಲು ವಿದೇಶಿ ವಿನಿಮಯ ಬೇಕು, ಅನುಮತಿಗೆ ದೆಹಲಿಯ ಬಾಗಿಲು ಬಡಿಯಬೇಕು. ಅಂದಿನ ಮೀಟಿಂಗಿನಲ್ಲಿ ಕೂತಿದ್ದರೆ ನಾನೂ ಬಹುಶಃ ತಲೆಯಾಡಿಸುತ್ತಿದ್ದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎರಡು ಲೀಟರ್ ಜಾಗದಲ್ಲಿ ಎರಡು ಲೀಟರ್, ಬೋಲ್ಟುಗಳು ಕೂರುತ್ತವೆ, ಗಾಡಿ ಓಡುತ್ತದೆ. ರೋವರ್ ಕೂಡ 1982ರಿಂದ ಎಸ್‌ಡಿ1ಗೆ ಎರಡು ಲೀಟರಿನ ಎಂಜಿನ್ ಕೊಟ್ಟಿತ್ತಲ್ಲ? ಕೊಟ್ಟಿತ್ತು, ಆದರೆ ಅದು ಓವರ್‌ಹೆಡ್ ಕ್ಯಾಮಿನ ಹೊಸ ಎಂಜಿನ್. ಲೀಟರ್ ಒಂದೇ ಆದರೂ ನಡುವೆ ಮೂರು ದಶಕಗಳ ಅಂತರ.

ಇಷ್ಟಾದ ಮೇಲೆ ಆ ಕಾರು ಯಾರಿಗೆ ಎಂಬುದೇ ತಿಳಿಯದಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದು, 796 ಸಿಸಿಯ ಪುಟ್ಟ ಎಂಜಿನ್ ಹೊತ್ತ ಹಗುರ ಕಾರು ಹೇಗೆ ಓಡಬಲ್ಲದು ಎಂದು ಜನರಿಗೆ ತೋರಿಸಿಬಿಟ್ಟಿತ್ತು. ಅಲ್ಲಿ ಎಂಜಿನ್, ತೂಕ, ಬೆಲೆ ಒಂದಕ್ಕೊಂದು ಹೊಂದುತ್ತಿದ್ದವು. ಸ್ಟ್ಯಾಂಡರ್ಡ್ 2000 ಬೆಲೆಯಲ್ಲಿ ಸಿರಿವಂತರದು, ಬಾಯಾರಿಕೆಯಲ್ಲೂ ಸಿರಿವಂತರದು, ನಡೆಯಲ್ಲಿ ಮಾತ್ರ ವ್ಯಾನಿನದು. ಹೊಟ್ಟೆಗೆ ಹಿಟ್ಟಿಲ್ಲದ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ಇದಕ್ಕೇ. ಹಿಂದೂಸ್ತಾನ್ ಮೋಟಾರ್ಸ್‌ನ ಕಾಂಟೆಸ್ಸಾಗೂ ಇದೇ ಕಾಯಿಲೆಯಿತ್ತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಮೈಕಟ್ಟು, ಒಳಗೆ ಅಂಬಾಸಿಡರಿನ 1489 ಸಿಸಿ ಎಂಜಿನ್. ಆದರೆ ಕೆಲವೇ ವರ್ಷಗಳಲ್ಲಿ ಅವರು ಇಸುಝುವಿನ 1.8 ಲೀಟರ್ ಎಂಜಿನ್ ತಂದರು. ಕಾಂಟೆಸ್ಸಾ 2002ರವರೆಗೆ ಬದುಕಿತು. ಮದ್ರಾಸಿಗೆ ಆ ಎರಡನೇ ಅವಕಾಶ ಸಿಗಲೇ ಇಲ್ಲ.

ಬ್ರಿಟನ್ನಿನಲ್ಲಿ 1963ರಲ್ಲೇ ಮುಗಿದಿದ್ದ ಸ್ಟ್ಯಾಂಡರ್ಡ್ ಎಂಬ ಹೆಸರು ಜಗತ್ತಿನಲ್ಲೇ ಕೊನೆಯದಾಗಿ ಆರಿದ್ದು ಇಲ್ಲಿ. ಕಾರ್ಖಾನೆಯ ಜಾಗದಲ್ಲಿ ಇವತ್ತು ಐಟಿ ಕಟ್ಟಡಗಳೂ ವಸತಿ ಗೋಪುರಗಳೂ ನಿಂತಿವೆ. ನನಗೆ ಸಂಕಟವಾಗುವುದು ಕಾರಿನ ಬಗ್ಗೆ ಅಲ್ಲ, ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ ಆ ಕೈಗಳ ಬಗ್ಗೆ. ಅವರ ಕಸುಬಿನಲ್ಲಿ ಕೊರತೆಯಿರಲಿಲ್ಲ. ಜೋಡಣೆಯ ತೀರ್ಮಾನ ತಪ್ಪಾದಾಗ ಬೆಲೆ ತೆತ್ತದ್ದು ಮಾತ್ರ ಅವರೂ ಸೇರಿ.

ಈಗ ವಿದ್ಯುತ್ ವಾಹನಗಳ ಕಾಲ. ಬ್ಯಾಟರಿ ಒಂದು ದೇಶದಿಂದ, ಮೋಟಾರ್ ಇನ್ನೊಂದರಿಂದ, ಪ್ಲಾಟ್‌ಫಾರ್ಮ್ ಮತ್ತೊಂದರಿಂದ ಕೊಂಡು ತರಬಹುದು. ಪೆಟ್ರೋಲ್ ಕಾರಿನ ಮೈಯಲ್ಲೇ ಬ್ಯಾಟರಿ ತುರುಕಿದರೆ ಆಯಿತಲ್ಲ ಎನ್ನುವವರು ಇಂದೂ ಇದ್ದಾರೆ. ಬೋಲ್ಟುಗಳು ಇವತ್ತೂ ಕೂರುತ್ತವೆ. ತೂಕ ಎಲ್ಲಿ ಕೂರುತ್ತದೆ, ಸ್ಪ್ರಿಂಗ್ ಅದನ್ನು ಹೊರುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ, ಕೊಳ್ಳುವವರಿಗೆ ಕೊನೆಗೆ ಸಿಗುವುದೇನು ಎಂದು ಲೆಕ್ಕ ಹಾಕಿದ ಮೇಲೆಯೇ ಹೂಂ ಅನ್ನಿ ಎಂದು ನಮ್ಮ ಹುಡುಗ ಹುಡುಗಿಯರಿಗೆ ಹೇಳುತ್ತೇನೆ.

ಇನ್ನೊಂದು ಸಂಗತಿ. ಮದ್ರಾಸಿನ ಗೋದಾಮಿನಲ್ಲಿ ಬಳಕೆಯಾಗದೆ ಉಳಿದಿದ್ದ ಎಸ್‌ಡಿ1 ಬಿಡಿಭಾಗಗಳನ್ನು ಇಂಗ್ಲೆಂಡಿನ ರಿಮ್ಮರ್ ಬ್ರದರ್ಸ್ ಎಂಬ ವ್ಯಾಪಾರಿಗಳು ಇಡಿಯಾಗಿ ಕೊಂಡು ಒಯ್ದರು. ಹಾಗಾಗಿ ಬ್ರಿಟನ್ನಿನಲ್ಲಿ ಇವತ್ತಿಗೂ ಜತನವಾಗಿ ಓಡುತ್ತಿರುವ ಯಾವುದೋ ಹಳೆಯ ರೋವರಿನ ಮೈಯಲ್ಲಿ, ಪಕ್ಕದಲ್ಲಿ ವಿ8 ಗುರುಗುಡುತ್ತಿರುವಾಗ, ಜಿಎಸ್‌ಟಿ ರಸ್ತೆಯಿಂದ ಹೋದ ತಗಡು ಒಂದೆರಡು ಇದ್ದರೂ ಇರಬಹುದು.