ಗ್ರೇಟ್ ಡೇನ್ ಮರಿಯನ್ನು ಅವಸರದಲ್ಲಿ ದೊಡ್ಡದು ಮಾಡಬೇಡಿ

ತೋಟದ ಮನೆಗೆ ಒಂದು ದೊಡ್ಡ ನಾಯಿ ಬೇಕು ಎಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಒಂಟಿ ಮನೆ, ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ರಾತ್ರಿ ಕಾಡುಹಂದಿ - ಕಾರಣ ಬೇಕಾದಷ್ಟು. ಬೊಗಳಿ ಎಚ್ಚರಿಸುವುದಷ್ಟೇ ಆಗಬೇಕಾದರೆ ಊರ ನಾಯಿಗೆ ಸಮ ಯಾವುದೂ ಇಲ್ಲ, ಖರ್ಚೂ ಇಲ್ಲ. ಆದರೂ ಗ್ರೇಟ್ ಡೇನ್‌ನಂಥ ಭಾರೀ ಜಾತಿಯ ಮರಿಯನ್ನೇ ತಂದಿರಿ ಎಂದಾದರೆ ಮೊದಲ ಒಂದು ವರ್ಷದ ಊಟದ ಬಗ್ಗೆ ಸ್ವಲ್ಪ ತಿಳಿದಿರಬೇಕು. ಈ ಮರಿಗಳು ಉಪವಾಸದಿಂದ ಕೆಡುವುದು ಕಡಿಮೆ. ಪ್ರೀತಿ ಹೆಚ್ಚಾಗಿ ಕೆಡುವುದೇ ಜಾಸ್ತಿ.

ಇವುಗಳ ಬೆಳವಣಿಗೆಯ ಲೆಕ್ಕ ನೋಡಿ. ಹುಟ್ಟುವಾಗ ಅರ್ಧ ಕಿಲೋ ಆಸುಪಾಸು. ಎರಡು ತಿಂಗಳಿಗೆ 8-10 ಕಿಲೋ. ಆರು ತಿಂಗಳಾಗುವಾಗ 35-40 ಕಿಲೋ ಮುಟ್ಟಿದರೂ ಆಶ್ಚರ್ಯವಿಲ್ಲ. ಪೂರ್ತಿ ಬೆಳೆದ ಗಂಡು 60 ಕಿಲೋ ದಾಟುತ್ತದೆ. ಊರ ನಾಯಿ ವರ್ಷದೊಳಗೆ ಬೆಳವಣಿಗೆ ಮುಗಿಸುತ್ತದೆ, ಇದಕ್ಕೆ ಒಂದೂವರೆಯಿಂದ ಎರಡು ವರ್ಷ ಬೇಕು. ಅಷ್ಟು ಕಾಲವೂ ಉದ್ದ ಎಲುಬುಗಳ ತುದಿ ಮೆದುವಾಗಿಯೇ ಇರುತ್ತದೆ. ಮೈಭಾರ ಮುಂದೆ ಓಡಿ ಎಲುಬು ಹಿಂದೆ ಉಳಿದರೆ ಕಾಲು ಸೊಟ್ಟಗಾಗುತ್ತದೆ. ಗೊನೆ ಭಾರವಾದ ಬಾಳೆಗೆ ಕೋಲು ಊರಿ ಆಧಾರ ಕೊಡಬಹುದು. ನಾಯಿಗೆ ಹಾಗೆ ಮಾಡಲಿಕ್ಕಾಗುತ್ತದೆಯೇ?

ಹೊಟ್ಟೆ ತುಂಬಾ ಹಾಕಿದರೆ ನಾಯಿ ಇನ್ನಷ್ಟು ಎತ್ತರವಾಗುತ್ತದೆ ಎಂದು ನಂಬಿದವರಿದ್ದಾರೆ. ಎತ್ತರ ವಂಶದಿಂದ ಬರುವುದು. ಹದ ತಪ್ಪದೆ ತಿಂದ ಮರಿ ಕೊನೆಗೆ ಅಷ್ಟೇ ಎತ್ತರ ಮುಟ್ಟುತ್ತದೆ, ನಾಲ್ಕು ತಿಂಗಳು ತಡವಾಗಬಹುದು, ಅಷ್ಟೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಗ್ರೇಟ್ ಡೇನ್ ಮರಿಗಳ ಮೇಲೆಯೇ ಮಾಡಿದ ಪ್ರಯೋಗವೊಂದು 1974ರಲ್ಲಿ ಪ್ರಕಟವಾಗಿದೆ. ಕೆಲವು ಮರಿಗಳಿಗೆ ಬೇಕಾದಷ್ಟು ತಿನ್ನಲು ಬಿಟ್ಟರು, ಉಳಿದವಕ್ಕೆ ಅಳೆದು ಕಡಿಮೆ ಹಾಕಿದರು. ಎಲುಬು, ಗಂಟುಗಳ ತೊಂದರೆ ಹೆಚ್ಚಾಗಿ ಕಂಡದ್ದು ಮನಸೋ ಇಚ್ಛೆ ತಿಂದ ಮರಿಗಳಲ್ಲಿ.

ಕ್ಯಾಲ್ಸಿಯಂ ಎಂಬ ಪ್ರೀತಿಯ ವಿಷ

ಎರಡನೆಯ ವಿಷಯ ಕ್ಯಾಲ್ಸಿಯಂ. ನಮ್ಮ ಹತ್ತಿರದ ಒಂದು ಮನೆಯಲ್ಲಿ ಮರಿಗೆ ಒಳ್ಳೆಯ ಚೀಲದ ಆಹಾರವನ್ನೇ ಹಾಕುತ್ತಿದ್ದರು. ಅದರ ಮೇಲೆ ಬೆಳಿಗ್ಗೆ ಕ್ಯಾಲ್ಸಿಯಂ ಸಿರಪ್, ಸಂಜೆ ಎಲುಬಿನ ಹುಡಿ. 'ಇಷ್ಟು ದೊಡ್ಡ ಎಲುಬಿಗೆ ಬೇಡವೇ ಮಾರಾಯ್ರೆ?' ಅಂತ ಕೇಳುವವರು ಅವರು. ಐದು ತಿಂಗಳಾಗುವಾಗ ಮರಿಯ ಮುಂಗಾಲುಗಳು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದವು.

ಅದು ಹೀಗೆ: ದೊಡ್ಡ ನಾಯಿ ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿಕೊಂಡು ಉಳಿದದ್ದನ್ನು ಹೊರಗೆ ಬಿಡುತ್ತದೆ. ಎಳೆಯ ಮರಿಗೆ, ಮುಖ್ಯವಾಗಿ ಆರು ತಿಂಗಳೊಳಗಿನದಕ್ಕೆ, ಆ ತಡೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಕೊಟ್ಟದ್ದರಲ್ಲಿ ಹೆಚ್ಚಿನದ್ದು ಮೈಗೆ ಸೇರುತ್ತದೆ, ಎಲುಬು ಬೆಳೆಯುವ ಕ್ರಮವೇ ತಪ್ಪುತ್ತದೆ. ಹಾಲೆಂಡಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಇದನ್ನೂ ಗ್ರೇಟ್ ಡೇನ್ ಮರಿಗಳಲ್ಲೇ ತೋರಿಸಿದರು. ಮೊಟ್ಟೆ, ಮಾಂಸದ ಪ್ರೋಟೀನಿನಿಂದ ಕಾಲು ಕೆಡುತ್ತದೆ ಎಂದು ಹಿಂದೆ ಹೇಳುತ್ತಿದ್ದರು. 1991ರಲ್ಲಿ ಅಲ್ಲಿಯವರೇ ಪರೀಕ್ಷಿಸಿ ಪ್ರೋಟೀನಿನದ್ದು ತಪ್ಪಿಲ್ಲ ಎಂದರು. ಆದ್ದರಿಂದ ಮೊಟ್ಟೆಗೆ ಹೆದರಬೇಕಾಗಿಲ್ಲ.

ಹಾಗಾದರೆ ಕ್ಯಾಲ್ಸಿಯಂ ಬೇಡವೇ ಬೇಡವೇ? ಇಲ್ಲೇ ಜನ ಇನ್ನೊಂದು ಬದಿಗೆ ಜಾರುವುದು. ಬರೀ ಅನ್ನ-ಸಾರು, ಎಲುಬಿಲ್ಲದ ಮಾಂಸ, ತೌಡಿನ ಗಂಜಿ ಹಾಕಿ ಬೆಳೆಸಿದ ಮರಿಯ ಎಲುಬೂ ಮೆತ್ತಗಾಗಿ ಬಾಗುತ್ತದೆ. ಮಾಂಸದಲ್ಲಿ, ತೌಡಿನಲ್ಲಿ ರಂಜಕ ಬಹಳ, ಕ್ಯಾಲ್ಸಿಯಂ ಅತಿ ಕಡಿಮೆ. ಹೊರಗಿನಿಂದ ನೋಡುವವರಿಗೆ ಎರಡೂ ಸೊಟ್ಟ ಕಾಲೇ. ಒಂದಕ್ಕೆ ಮದ್ದು ಕ್ಯಾಲ್ಸಿಯಂ ನಿಲ್ಲಿಸುವುದು, ಇನ್ನೊಂದಕ್ಕೆ ಕೊಡುವುದು. ಅದಕ್ಕೇ ಕಾಲು ಬಾಗಿದ ಮರಿಗೆ ಅಂಗಡಿಯಿಂದ ಸಿರಪ್ ತಂದು ಕುಡಿಸಬೇಡಿ. ಏನು ಹಾಕುತ್ತಿದ್ದೀರಿ ಎಂಬುದನ್ನು ಪಶುವೈದ್ಯರಿಗೆ ಬಿಡಿಸಿ ಹೇಳಿ, ಸಾಧ್ಯವಾದರೆ ಎಕ್ಸ್‌ರೇ ತೆಗೆಸಿ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷದ ಮಟ್ಟಿಗೆ ದೊಡ್ಡ ಜಾತಿಯ ಮರಿಗಳಿಗೆಂದೇ ಇರುವ ಚೀಲದ ಆಹಾರವೇ ಸಲೀಸು. ಚೀಲದ ಮೇಲೆ ಕ್ಯಾಲ್ಸಿಯಂ ಪ್ರಮಾಣ ಓದಿ. ಬೆಳೆದಾಗ 32 ಕಿಲೋ ಮೀರುವ ಜಾತಿಗಳ ಮರಿಗೆ ಅದು ಶೇ. 1.8 ದಾಟಬಾರದು ಎಂಬುದು ಅಮೆರಿಕದ ಆಹಾರ ಮಾನದಂಡ, ಶೇ. 1.2ಕ್ಕಿಂತ ಕಡಿಮೆಯೂ ಆಗಬಾರದು. ಇದನ್ನು ಹಾಕುವವರು ಬೇರೆ ಕ್ಯಾಲ್ಸಿಯಂ ಒಂದು ಚಮಚವನ್ನೂ ಕೊಡಬಾರದು. ಜತೆಗೆ ಮನೆಯ ಮೊಟ್ಟೆ, ಬೇಯಿಸಿದ ಮೀನು, ಮಜ್ಜಿಗೆ ಅನ್ನ ಸ್ವಲ್ಪ ಕೊಡಬಹುದು - ಒಟ್ಟು ಊಟದ ಹತ್ತರಲ್ಲಿ ಒಂದು ಪಾಲು.

ಮನೆಯ ಅಡಿಗೆಯಲ್ಲೇ ಬೆಳೆಸುವವರಿಗೆ ಒಂದು ಅಂದಾಜು: ಬೆಳೆಯುವ ಮರಿಗೆ ಸಾವಿರ ಕ್ಯಾಲೊರಿ ಊಟಕ್ಕೆ ಸುಮಾರು 3 ಗ್ರಾಂ ಕ್ಯಾಲ್ಸಿಯಂ ಬೇಕು. ಮೊಟ್ಟೆ ಚಿಪ್ಪು ಒಣಗಿಸಿ ನುಣ್ಣಗೆ ಹುಡಿ ಮಾಡಿದರೆ ಒಂದು ಸಣ್ಣ ಚಮಚದಲ್ಲಿ 2 ಗ್ರಾಂ ಆಸುಪಾಸು ಸಿಗುತ್ತದೆ. ರಾಗಿಯಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದೊಂದನ್ನೇ ನಂಬಿದರೆ ಸಾಲದು. ಸತು, ತಾಮ್ರ, ವಿಟಮಿನ್‌ಗಳ ಲೆಕ್ಕವೂ ಇರುವುದರಿಂದ ನಿಮ್ಮ ಪಟ್ಟಿಯನ್ನು ವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಎಷ್ಟು ಹಾಕಬೇಕು?

ಚೀಲದ ಮೇಲಿನ ಪಟ್ಟಿ ಆರಂಭಕ್ಕೆ ಮಾತ್ರ. ಆಮೇಲೆ ನಿಮ್ಮ ಕೈಯೇ ಅಳತೆ. ಪಕ್ಕೆಯ ಮೇಲೆ ಅಂಗೈ ಆಡಿಸಿ. ಒತ್ತದೆಯೇ ಎಲುಬು ಎಣಿಸಲು ಸಿಗಬೇಕು, ದೂರದಿಂದ ಎದ್ದು ಕಾಣಬಾರದು. ಮೇಲಿನಿಂದ ನೋಡಿದರೆ ಸೊಂಟ ಒಳಕ್ಕೆ ಹೋಗಿರಬೇಕು. ಬಂದವರು 'ಸ್ವಲ್ಪ ಸಪುರ ಆಯ್ತಲ್ಲ' ಎಂದರೆ ಸರಿಯಾಗಿದೆ ಎಂದರ್ಥ! ವಾರಕ್ಕೊಮ್ಮೆ ತೂಗಿ ಗೋಡೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಅಡಿಕೆ ತೂಗುವ ತಕ್ಕಡಿಯ ಮೇಲೆ ಮರಿಯನ್ನು ಎತ್ತಿಕೊಂಡು ನಿಂತು ನಿಮ್ಮ ತೂಕ ಕಳೆದರಾಯ್ತು. ನಾಲ್ಕು ತಿಂಗಳ ಮೇಲೆ ಎತ್ತಲಿಕ್ಕಾಗದು, ಆಗ ಅದನ್ನೇ ಹತ್ತಿಸಬೇಕು.

ಎರಡು ತಿಂಗಳಿಗೆ ದಿನಕ್ಕೆ ನಾಲ್ಕು ಊಟ, ಮೂರು-ನಾಲ್ಕು ತಿಂಗಳಿಗೆ ಮೂರು, ಆರು ತಿಂಗಳ ಮೇಲೆ ಎರಡು. ಆ ಎರಡನ್ನು ಕೊನೆಯವರೆಗೂ ಒಂದಕ್ಕೆ ಇಳಿಸಬೇಡಿ. ಕಾಲು ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ತೆಗೆದುಬಿಡಿ. ಬೆಳೆದ ಡೇನ್‌ಗೆ ಒಣ ಆಹಾರ ತಿಂಗಳಿಗೆ 20-25 ಕಿಲೋ ಬೇಕಾಗುತ್ತದೆ. ಮರಿ ತರುವ ಮೊದಲೇ ನಿಮ್ಮ ಪೇಟೆಯ ದರದಿಂದ ಗುಣಿಸಿ ನೋಡಿ. ಮದ್ದೂ ಹಾಗೆಯೇ, ಜಂತಿನ ಮಾತ್ರೆಯಿಂದ ಹಿಡಿದು ಎಲ್ಲವೂ ತೂಕದ ಲೆಕ್ಕದಲ್ಲಿ.

ಈ ಮರಿಗಳ ಮುಂಗಾಲಿನ ಗೆಣ್ಣು ಹುಟ್ಟಾ ದಪ್ಪ. ಅದನ್ನು ನೋಡಿ ಗಾಬರಿ ಬೇಡ. ಗೆಣ್ಣು ಮುಟ್ಟಿದರೆ ನೋವು, ಜ್ವರ, ಕುಂಟು, ಏಳಲು ಒಲ್ಲದಿರುವುದು - ಇವು ಕಂಡರೆ ಮಾತ್ರ ತಡಮಾಡಬೇಡಿ.

ನೆಲ, ಸರಪಳಿ, ಸೂಜಿಮದ್ದು

ನುಣುಪಾದ ಗಾರೆ ನೆಲ, ಟೈಲ್ಸ್ ಇವಕ್ಕೆ ಶತ್ರು. ಜಾರಿ ಜಾರಿ ಕಾಲು ಅಗಲವಾಗುತ್ತದೆ. ಗೋಣಿ ಹಾಸಿ. ಮಲಗಲಿಕ್ಕೂ ಒಣ ಹುಲ್ಲಿನ ಮೇಲೆ ಗೋಣಿ ಇದ್ದರೆ ಮೊಣಕೈ ದಡ್ಡುಗಟ್ಟುವುದಿಲ್ಲ. ಮಳೆಗಾಲದಲ್ಲಿ ನೆಲದಿಂದ ಅರ್ಧ ಅಡಿ ಎತ್ತರದ ಹಲಗೆ ಬೇಕು. ಇವಕ್ಕೆ ಮೈತುಂಬ ರೋಮವಿಲ್ಲ, ಚಳಿ ತಡೆಯುವುದಿಲ್ಲ. ಮರಿ ತೋಟದಲ್ಲಿ ತನ್ನಷ್ಟಕ್ಕೆ ಆಡಲಿ, ಸುಸ್ತಾದಾಗ ಮಲಗಲಿ. ಬೈಕಿನ ಹಿಂದೆ ಓಡಿಸುವುದು, ಜೀಪಿನಿಂದ ಹಾರಿಸುವುದು ಒಂದೂವರೆ ವರ್ಷದವರೆಗೆ ಬೇಡ. ಹಾಗೆಂದು ಇಡೀ ದಿನ ಸರಪಳಿಯಲ್ಲೂ ಇಡಬೇಡಿ.

ಪಾರ್ವೊ ಸೇರಿದ ಲಸಿಕೆ 6-8 ವಾರಕ್ಕೆ ಶುರು, ಮೂರು-ನಾಲ್ಕು ವಾರಕ್ಕೊಮ್ಮೆ 16 ವಾರದವರೆಗೆ. ಹುಚ್ಚುರೋಗದ್ದು ಮೂರು ತಿಂಗಳಿಗೆ. ಇಲಿ ಓಡಾಡುವ ತೋಟಗಳಲ್ಲಿ ಇಲಿಜ್ವರದ ಲಸಿಕೆ ಬಿಡಬೇಡಿ. ಉಣುಗು ದಿನಾ ಹೆಕ್ಕಿ, ಆದರೆ ದನಕ್ಕೆ ತಂದ ಉಣುಗಿನ ಮದ್ದನ್ನು ಅಂದಾಜಿನಲ್ಲಿ ಮರಿಗೆ ಬಳಿಯಬೇಡಿ. ಬಸವನಹುಳಕ್ಕೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿಗಳು ತಿಂಡಿಯ ಹಾಗೆ ತಿನ್ನುತ್ತವೆ, ತಿಂದರೆ ನಡುಕ ಬಂದು ಸಾಯುತ್ತವೆ. ಅದು ಕೀಲಿಯೊಳಗಿರಲಿ.

ಇನ್ನೊಂದು ಅಪಾಯ ಬೆಳೆದ ಮೇಲೆ ಬರುವಂಥದ್ದು, ಈಗಲೇ ತಿಳಿದಿರಲಿ. ಎದೆ ಆಳವಾದ ಇಂಥ ನಾಯಿಗಳ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುತ್ತದೆ. ಊಟವಾಗಿ ಒಂದೆರಡು ಗಂಟೆ ಓಡಾಟ ಬೇಡ. ಎತ್ತರದ ಸ್ಟ್ಯಾಂಡಿನಲ್ಲಿ ಬಟ್ಟಲಿಟ್ಟರೆ ಒಳ್ಳೆಯದೆನ್ನುತ್ತಾರೆ, ಆದರೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ 2000ದ ಅಧ್ಯಯನದಲ್ಲಿ ಹಾಗೆ ತಿನ್ನುವ ನಾಯಿಗಳಲ್ಲೇ ಇದು ಹೆಚ್ಚು ಕಂಡಿತು. ಹೊಟ್ಟೆ ಡೋಲಿನಂತೆ ಬಿಗಿಯಾಗಿ, ಜೊಲ್ಲು ಸುರಿಸುತ್ತಾ, ವಾಂತಿಗೆ ಬಂದಂತೆ ಮಾಡಿಯೂ ಏನೂ ಬಾರದಿದ್ದರೆ ಅದೇ ಲಕ್ಷಣ. ದನದ ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವ ಹಾಗೆ ಇಲ್ಲಿ ಏನನ್ನೂ ಕುಡಿಸಬಾರದು. ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು. ಅದನ್ನು ಮಾಡುವ ಪಶುವೈದ್ಯರು ನಿಮಗೆ ಹತ್ತಿರದಲ್ಲಿ ಯಾವ ಊರಲ್ಲಿದ್ದಾರೆ, ರಾತ್ರಿ ಸಿಗುತ್ತಾರೆಯೇ ಎಂದು ಮರಿ ಸಣ್ಣದಿರುವಾಗಲೇ ವಿಚಾರಿಸಿ ಫೋನ್ ನಂಬರ್ ಬರೆದಿಡಿ.