ಹಳೆಯ ನಾಣ್ಯಗಳ ಖರೀದಿ: ಅಧಿಕ ಬೆಲೆ ತೆರದಿರುವ ಬಗೆ

ಶಿಗ್ಗಾಂವಿ ತಾಲೂಕಿನ ಗೊಟಗೋಡಿ ಇಂದು ನಾಡಿನ ಹಳೆಯ ಬದುಕನ್ನು ನೆನಪಿಸುವ ಊರಾಗಿ ಹೆಸರು ಪಡೆದಿದೆ. ಗ್ರಾಮಜೀವನವನ್ನು ಶಿಲ್ಪಗಳಲ್ಲಿ ಮೂಡಿಸಿರುವ ಉತ್ಸವ ರಾಕ್ ಗಾರ್ಡನ್ ಮತ್ತು 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಎರಡೂ ಇಲ್ಲಿಯೇ ಇವೆ. ಸಮೀಪದ ಹಾನಗಲ್ಲ ಒಂದು ಕಾಲಕ್ಕೆ ಕದಂಬರ ಶಾಖೆಯ ರಾಜಧಾನಿ. ಸವಣೂರು ನವಾಬರ ಸಂಸ್ಥಾನದ ನೆಲೆ. ಇಂಥ ಪ್ರದೇಶದಲ್ಲಿ ಹಳೆಯ ನಾಣ್ಯಗಳು ವರ್ತಕರ ಕೈಗೆ ಬರುವುದು ಸಹಜ. ಅವುಗಳನ್ನು ಹವ್ಯಾಸಕ್ಕಾಗಿ ಸಂಗ್ರಹಿಸುವವರ ಜೊತೆಗೆ ಹೂಡಿಕೆಯೆಂದು ಕೊಳ್ಳುವವರೂ ಇದ್ದಾರೆ. ಆದರೆ ಬೆಲೆ ಅರಿಯದೆ ಕೊಂಡ ನಾಣ್ಯವು ವ್ಯಾಪಾರದ ದುಡಿಮೆ ಬಂಡವಾಳವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ಈ ವ್ಯವಹಾರದ ಕೆಲವು ಮೂಲತತ್ವಗಳನ್ನು ತಿಳಿದಿರುವುದು ಅವಶ್ಯ.

ಲೋಹದ ಬೆಲೆಯೇ ತಳಹದಿ

ಯಾವುದೇ ಬೆಳ್ಳಿ ಅಥವಾ ಚಿನ್ನದ ನಾಣ್ಯಕ್ಕೆ ಮೊದಲು ಲೋಹದ ಬೆಲೆಯನ್ನು ಲೆಕ್ಕ ಹಾಕಬೇಕು. ಬ್ರಿಟಿಷರ ಕಾಲದ ಒಂದು ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನ ರೂಪಾಯಿಯಲ್ಲಿ ಶೇ. 91.7ರಷ್ಟು ಬೆಳ್ಳಿ ಇರುವುದರಿಂದ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ ಆಗುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಬೆಳ್ಳಿಯ ಪ್ರಮಾಣವನ್ನು ಶೇ. 50ಕ್ಕೆ ಇಳಿಸಲಾಯಿತು, ಅವುಗಳಲ್ಲಿರುವುದು 5.83 ಗ್ರಾಂ ಮಾತ್ರ. 1947ರ ರೂಪಾಯಿ ನಿಕ್ಕಲ್ಲಿನದು, ಅದರಲ್ಲಿ ಬೆಳ್ಳಿಯೇ ಇಲ್ಲ. ಲೆಕ್ಕದ ಅನುಕೂಲಕ್ಕೆ ಬೆಳ್ಳಿಯ ದರ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡರೆ, ಮೊದಲನೆಯದರ ಲೋಹದ ಬೆಲೆ 1,069 ರೂಪಾಯಿ, ಎರಡನೆಯದರದು 583 ರೂಪಾಯಿ. ಮೊದಲೆರಡು ನೋಟಕ್ಕೆ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಇಸವಿಯನ್ನು ಓದದೆ ಕೊಳ್ಳುವವನು ಇಲ್ಲಿಯೇ ನಷ್ಟ ಅನುಭವಿಸುತ್ತಾನೆ. ಲೋಹದ ಬೆಲೆಗಿಂತ ಮೇಲೆ ಕೇಳುವ ಪ್ರತಿಯೊಂದು ರೂಪಾಯಿಗೂ ಮಾರುವವನು ಕಾರಣ ತೋರಿಸಬೇಕು.

ಹಳೆಯದೆಲ್ಲವೂ ಅಮೂಲ್ಯವಲ್ಲ

ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ಉಳಿದಿರುವ ಸಂಖ್ಯೆ ಮತ್ತು ಬೇಡಿಕೆ. ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ ಎರಡು ಶತಮಾನದ ಅಂಚಿನಲ್ಲಿದ್ದರೂ ಅಪಾರ ಸಂಖ್ಯೆಯಲ್ಲಿ ದೊರೆಯುವ ಕಾರಣ ಅಗ್ಗ. ಅದಕ್ಕಿಂತ ಎಷ್ಟೋ ಈಚಿನ 1911ರ ಐದನೆಯ ಜಾರ್ಜ್ ರೂಪಾಯಿಗೆ ಬೇಡಿಕೆ ಹೆಚ್ಚು. ದೊರೆಯ ನಿಲುವಂಗಿಯ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂಬ ಆಕ್ಷೇಪದಿಂದ ಆ ನಾಣ್ಯಗಳಲ್ಲಿ ಬಹುಪಾಲನ್ನು ಕರಗಿಸಲಾಯಿತು. ಆರನೆಯ ಜಾರ್ಜನ 1939ರ ಬೆಳ್ಳಿ ರೂಪಾಯಿ ಇನ್ನೂ ವಿರಳ. ಆದುದರಿಂದಲೇ ಇಂಥ ಇಸವಿಗಳಲ್ಲಿ ಅಂಕಿ ತಿದ್ದಿದ ನಕಲಿಗಳ ಭಯವೂ ಅಧಿಕ. ಇಸವಿಯ ಅಂಕಿಗಳನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸುವುದು ಕಡ್ಡಾಯ.

ಅಮೆರಿಕದ ಕ್ರೀಡಾ ಕಾರ್ಡುಗಳ ಮಾರುಕಟ್ಟೆಯೂ ಇದೇ ಪಾಠವನ್ನು ಹೇಳುತ್ತದೆ. ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್‌ನ 1952ರ ಒಂದು ಕಾರ್ಡು 2022ರ ಆಗಸ್ಟ್‌ನಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಆದರೆ 1980ರ ದಶಕದ ಕೊನೆಯಲ್ಲಿ ಹೂಡಿಕೆಯೆಂದು ಜನರು ಪೆಟ್ಟಿಗೆಗಟ್ಟಲೆ ಕೂಡಿಟ್ಟ ಕಾರ್ಡುಗಳು ಅತಿಯಾದ ಮುದ್ರಣದಿಂದಾಗಿ ಇಂದಿಗೂ ಬಹುಮಟ್ಟಿಗೆ ಅಗ್ಗವಾಗಿಯೇ ಉಳಿದಿವೆ. ಎಲ್ಲರೂ ಜೋಪಾನ ಮಾಡಿದ ವಸ್ತು ವಿರಳವಾಗಲಾರದು. ಸ್ಮರಣಾರ್ಥ ನಾಣ್ಯಗಳಿಗೆ ಹಲವು ಪಟ್ಟು ಬೆಲೆ ಕೊಡುವ ಮುನ್ನ ಇದನ್ನು ನೆನೆಯಬೇಕು.

ಸ್ಥಿತಿಯ ಮಹತ್ವ

ಒಂದೇ ಇಸವಿಯ, ಒಂದೇ ಟಂಕಸಾಲೆಯ ಎರಡು ನಾಣ್ಯಗಳ ಬೆಲೆಯಲ್ಲಿ ಸವೆತದ ಕಾರಣದಿಂದಲೇ ಹತ್ತಾರು ಪಟ್ಟು ಅಂತರವಿರಬಹುದು. ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುವ ಪದ್ಧತಿ ಜಾಗತಿಕವಾಗಿ ರೂಢಿಯಲ್ಲಿದೆ. ಹುಣಸೆಹಣ್ಣು, ಬೂದಿ ಅಥವಾ ಆಮ್ಲದಿಂದ ತಿಕ್ಕಿ ಹೊಳಪು ಕೊಟ್ಟ ನಾಣ್ಯವನ್ನು ಸಂಗ್ರಾಹಕರು ಕಡಿಮೆ ಬೆಲೆಗೇ ಕೇಳುತ್ತಾರೆ. ಕೊಳ್ಳುವವರು ಅಸ್ವಾಭಾವಿಕ ಹೊಳಪಿಗೆ ಮರುಳಾಗಬಾರದು. ಮಾರುವವರು ನಾಣ್ಯವನ್ನು ತೊಳೆಯಲೇಬಾರದು.

ಕೇಳುವ ಬೆಲೆ, ಮಾರಾಟವಾದ ಬೆಲೆ

ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ ಮಾತ್ರ. ಅದೇ ಇಸವಿಯ, ಅದೇ ಸ್ಥಿತಿಯ ನಾಣ್ಯವು ಇತ್ತೀಚಿನ ಹರಾಜುಗಳಲ್ಲಿ ವಾಸ್ತವವಾಗಿ ಮಾರಾಟವಾದ ಬೆಲೆಯೇ ಪ್ರಮಾಣ. ಬೆಂಗಳೂರು, ಮುಂಬಯಿಗಳ ಹರಾಜು ಸಂಸ್ಥೆಗಳು ತಮ್ಮ ಫಲಿತಾಂಶಗಳನ್ನು ಪ್ರಕಟಿಸುತ್ತವೆ. ಅಂಥ ಮೂರು-ನಾಲ್ಕು ಮಾರಾಟಗಳನ್ನು ಹೋಲಿಸಿದ ನಂತರವೇ ಬೆಲೆ ಹೇಳುವುದು ಲೇಸು.

ಹರಾಜಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉದಾಹರಣೆಗೆ, 10,000 ರೂಪಾಯಿಗೆ ಕೂಗಿದ ನಾಣ್ಯಕ್ಕೆ ಶೇ. 15ರ ಖರೀದಿದಾರರ ಶುಲ್ಕ ಸೇರಿದರೆ ವೆಚ್ಚ 11,500 ರೂಪಾಯಿ, ತೆರಿಗೆ ಬೇರೆ. ಮುಂದೆ ಅದನ್ನು ಮಾರುವಾಗ ಶೇ. 10ರ ದಲ್ಲಾಳಿ ಹೋದರೆ, ಅಸಲು ಕೈಸೇರಲು ಸುಮಾರು 12,800 ರೂಪಾಯಿಗೆ ಮಾರಬೇಕಾಗುತ್ತದೆ. ಅಂದರೆ ಬೆಲೆಯು ಶೇ. 28ರಷ್ಟು ಏರಿದ ಮೇಲಷ್ಟೇ ಲಾಭದ ಮಾತು.

ಮೋಸದ ಬಗೆಗಳು

ರಾಮ, ಲಕ್ಷ್ಮಣ, ಹನುಮಂತರ ಚಿತ್ರವುಳ್ಳ 1818ರ ಕಂಪನಿ ನಾಣ್ಯವೆಂದು ಮಾರುವ ತಾಮ್ರದ ಬಿಲ್ಲೆಗಳನ್ನು ಕಂಪನಿಯು ಎಂದೂ ಟಂಕಿಸಿಲ್ಲ. ಅಕ್ಕಿಯನ್ನು ಸೆಳೆಯುವ ‘ರೈಸ್ ಪುಲ್ಲರ್’ ನಾಣ್ಯವೆಂಬುದು ಶುದ್ಧ ವಂಚನೆ. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಗಳು, ಟ್ರ್ಯಾಕ್ಟರಿನ ಚಿತ್ರವಿರುವ 5 ರೂಪಾಯಿ ನೋಟು ಲಕ್ಷಗಟ್ಟಲೆ ಬಾಳುತ್ತವೆಂಬ ಪ್ರಚಾರಕ್ಕೂ ಆಧಾರವಿಲ್ಲ. ಹಳೆಯ ನೋಟು-ನಾಣ್ಯ ಕೊಳ್ಳುವುದಾಗಿ ಹೇಳಿ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮುಂಗಡ ಶುಲ್ಕ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್ 4ರಂದು ಸಾರ್ವಜನಿಕರನ್ನು ಎಚ್ಚರಿಸಿದೆ. ತಾನು ಇಂಥ ವ್ಯವಹಾರದಲ್ಲಿ ತೊಡಗುವುದಿಲ್ಲ, ಶುಲ್ಕವನ್ನೂ ಪಡೆಯುವುದಿಲ್ಲವೆಂದು ಅದು ಸ್ಪಷ್ಟಪಡಿಸಿದೆ.

ಕಾನೂನಿನ ಕಟ್ಟಳೆ

ಹೊಲದಲ್ಲಿ ಅಥವಾ ಹಳೆಯ ಗೋಡೆಯಲ್ಲಿ ದೊರೆತ ವರಹ, ಹಣಗಳೆಂದು ಹೇಳಿ ಅಂಗಡಿಗೆ ತರುವವರಿರುತ್ತಾರೆ. ಹೂತ ನಿಧಿ ದೊರೆತಾಗ ಸರಕಾರಕ್ಕೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಅಂಥದನ್ನು ಗುಟ್ಟಾಗಿ ಕೊಂಡವರಿಗೆ ಹಣವೂ ಹೋಗಿ ಮೊಕದ್ದಮೆಯೂ ಎದುರಾಗಬಹುದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮದಂತೆ ನೂರು ವರ್ಷಕ್ಕೂ ಹಳೆಯ ನಾಣ್ಯಗಳು ಪ್ರಾಚ್ಯವಸ್ತುಗಳು. ಅವುಗಳನ್ನು ಖಾಸಗಿಯವರು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ವಿದೇಶದ ಭಾರಿ ಬೆಲೆಯನ್ನು ತೋರಿಸಿ ಇಲ್ಲಿ ಬೆಲೆ ಏರಿಸುವವರ ಮಾತಿಗೆ ಆದುದರಿಂದ ಅರ್ಥವಿಲ್ಲ.

ಒಟ್ಟಿನಲ್ಲಿ, ತೂಕ ಮಾಡಿ, ಇಸವಿ ಓದಿ, ಮಾರಾಟವಾದ ಬೆಲೆ ಹೋಲಿಸಿ, ರಸೀದಿ ಪಡೆದು ಕೊಳ್ಳುವುದು ಕ್ಷೇಮ. ಮೆಣಸಿನಕಾಯಿ, ಹತ್ತಿಗಳ ಖರೀದಿಯಲ್ಲಿ ಮಾದರಿ ನೋಡದೆ ದರ ಹೇಳದ ವರ್ತಕರು ನಾಣ್ಯದ ವಿಷಯದಲ್ಲಿಯೂ ಅದೇ ಶಿಸ್ತನ್ನು ಪಾಲಿಸಿದರೆ ಸಾಕು. ಅಂಗಡಿಯ ಬಂಡವಾಳವನ್ನು ಮುಟ್ಟದೆ, ಉಳಿತಾಯದ ಸಣ್ಣ ಪಾಲನ್ನಷ್ಟೇ ಇದಕ್ಕೆ ಮೀಸಲಿಡುವುದು ವಿವೇಕದ ಮಾರ್ಗ.