ಹೆಣ್ಣು ಸಿಗದ ಸೀಮೆಯ ಲೆಕ್ಕ

ಸೋಂದೆಯ ಸ್ವರ್ಣವಲ್ಲೀ ಮಠದ ಹವ್ಯಕ ಶಿಷ್ಯವರ್ಗ ನೆಲೆಸಿರುವ, ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಹಳ್ಳಿಗಳು ಬರಿದಾಗುತ್ತಿರುವುದೇಕೆ ಎಂದು ಕೇಳಿದರೆ ಸಿದ್ಧ ಉತ್ತರವೊಂದು ದೊರೆಯುತ್ತದೆ: ಓದಿದ ಹೆಣ್ಣುಮಕ್ಕಳು ತೋಟದ ಮನೆಯನ್ನು ಒಲ್ಲೆನ್ನುತ್ತಾರೆ, ಅದರಿಂದ ಮಾಣಿಗಳಿಗೆ (ಗಂಡುಹುಡುಗರಿಗೆ) ಮದುವೆಯಿಲ್ಲ, ಮದುವೆಯಿಲ್ಲದ್ದರಿಂದ ಊರಿನಲ್ಲಿ ಮಕ್ಕಳಿಲ್ಲ. ಮದುವೆಯಾಗದೆ ಉಳಿದ ಕೃಷಿಕರ ಸಂಕಟ ನಿಜವಾದದ್ದೇ. ಆದರೆ ಅದರ ಹೊಣೆಯನ್ನೆಲ್ಲ ಹೆಣ್ಣುಮಕ್ಕಳ ಹೆಗಲಿಗೇರಿಸುವ ಈ ವಾದ ಸರಳ ಗಣಿತದ ಮುಂದೆಯೂ ನಿಲ್ಲುವುದಿಲ್ಲ, ಮತ್ತು ಇಷ್ಟು ವರ್ಷ ಇದನ್ನು ಪರೀಕ್ಷಿಸದೆ ಒಪ್ಪಿಕೊಂಡು ಬಂದಿರುವುದು ಖೇದಕರ.

ಈ ಸೀಮೆಯ ಮದುವೆಗಳಲ್ಲಿ ವರನು ವಧುವಿಗಿಂತ ನಾಲ್ಕೈದು ವರ್ಷ ಹಿರಿಯನಾಗಿರುವುದು ರೂಢಿ. ಜನನಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವವರೆಗೆ ಈ ಅಂತರ ವರನಿಗೆ ಅನುಕೂಲವಾಗಿರುತ್ತದೆ, ಏಕೆಂದರೆ ಐದು ವರ್ಷ ಕಿರಿಯರ ತಂಡ ತನ್ನ ತಂಡಕ್ಕಿಂತ ದೊಡ್ಡದಾಗಿರುತ್ತದೆ. ಜನನಗಳು ಇಳಿಯತೊಡಗಿದೊಡನೆ ಅದೇ ರೂಢಿ ತಿರುಗುಬಾಣವಾಗುತ್ತದೆ. ಜನನಗಳು ವರ್ಷಕ್ಕೆ ಶೇಕಡಾ 2ರಂತೆ ಇಳಿದವೆಂದು ಭಾವಿಸಿದರೆ, ಹುಟ್ಟಿನಲ್ಲಿ ಗಂಡು ಹೆಣ್ಣು ಸಮಸಂಖ್ಯೆಯಲ್ಲಿದ್ದರೂ ನೂರು ವರರಿಗೆ ಐದು ವರ್ಷ ಕಿರಿಯರಾದ ವಧುಗಳು ಸುಮಾರು ತೊಂಬತ್ತೇ ದೊರೆಯುತ್ತಾರೆ. ಜನಸಂಖ್ಯಾಶಾಸ್ತ್ರದಲ್ಲಿ ವಿವಾಹದ ಇಕ್ಕಟ್ಟು ಎನ್ನಬಹುದಾದ ಸ್ಥಿತಿ ಇದು. ಒಬ್ಬ ಮಹಿಳೆಯು ತನ್ನ ಜೀವಿತದಲ್ಲಿ ಸರಾಸರಿ ಹೆರುವ ಮಕ್ಕಳ ಸಂಖ್ಯೆ, ಅಂದರೆ ಒಟ್ಟು ಫಲವಂತಿಕೆ ದರ, ಕರ್ನಾಟಕದಲ್ಲಿ 1992–93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.85 ಇದ್ದದ್ದು ಐದನೆಯ ಸಮೀಕ್ಷೆಯ ವೇಳೆಗೆ 1.7ಕ್ಕೆ ಇಳಿದಿದೆ, ತಲೆಮಾರೊಂದು ತನ್ನಷ್ಟೇ ಸಂಖ್ಯೆಯ ಮುಂದಿನ ತಲೆಮಾರನ್ನು ಬಿಟ್ಟುಹೋಗಲು 2.1 ಬೇಕು. ತಮ್ಮೊಳಗೇ ಸಂಬಂಧ ಬೆಳೆಸುವ, ಸಗೋತ್ರವನ್ನು ವರ್ಜಿಸುವ ಹವ್ಯಕರಂತಹ ಸಣ್ಣ ಸಮಾಜದಲ್ಲಿ ಈ ಇಕ್ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ. ಇಂದು ವಧು ಸಿಗದಿರುವುದರ ಒಂದು ದೊಡ್ಡ ಪಾಲು ಇಂದಿನ ಹುಡುಗಿಯರ ಇಷ್ಟಾನಿಷ್ಟಗಳದ್ದಲ್ಲ, ಎರಡು ಮೂರು ದಶಕಗಳ ಹಿಂದೆ ಅವರ ತಂದೆತಾಯಿಗಳು ಒಂದೋ ಎರಡೋ ಮಕ್ಕಳು ಸಾಕೆಂದು ಮಾಡಿದ ನಿರ್ಧಾರದ್ದು.

ಊರು ಬಿಟ್ಟವರಲ್ಲಿ ಮೊದಲಿಗರು ಹೆಣ್ಣುಮಕ್ಕಳೂ ಅಲ್ಲ. ಮುಕ್ಕಾಲು ಪಾಲಿಗಿಂತ ಹೆಚ್ಚು ನೆಲ ಅರಣ್ಯವಾಗಿರುವ ಜಿಲ್ಲೆಯಲ್ಲಿ ತೋಟವೆಂಬುದು ಕಣಿವೆಯ ನೀರಿಗೂ, ಗೊಬ್ಬರದ ಸೊಪ್ಪಿಗಾಗಿ ಬಿಟ್ಟಿರುವ ಅರಣ್ಯಭಾಗವಾದ ಸೊಪ್ಪಿನ ಬೆಟ್ಟಕ್ಕೂ ಅಂಟಿಕೊಂಡದ್ದಾದ್ದರಿಂದ, ಅದನ್ನು ಮಕ್ಕಳ ಸಂಖ್ಯೆಗೆ ತಕ್ಕಂತೆ ಬೆಳೆಸಲು ಬರುವುದಿಲ್ಲ. ಎರಡೆಕರೆಯನ್ನು ಮೂವರು ಅಣ್ಣತಮ್ಮಂದಿರು ಹಿಸೆ ಮಾಡಿಕೊಂಡು ಬದುಕಲಾಗದೆಂದು ತಿಳಿದ ಹಿರಿಯರೇ ಗಂಡುಮಕ್ಕಳನ್ನು ಓದಿಸಿ ಬೆಂಗಳೂರಿಗೆ ಕಳುಹಿಸಿದರು. ಮಗನ ನಿರ್ಗಮನವನ್ನು ಏಳಿಗೆಯೆಂದು ಹೊಗಳಿದ ಮನೆಯೇ ಅದೇ ದಾರಿ ಹಿಡಿದ ಮಗಳನ್ನು ಊರು ಹಾಳುಮಾಡಿದವಳೆಂದು ದೂರುವುದು ಅನ್ಯಾಯ. ಆ ಮಗಳು ಒಪ್ಪಿ ಬಂದಿದ್ದರೆ ಅವಳಿಗೆ ಕಾದಿದ್ದ ಬದುಕನ್ನೂ ನೋಡಬೇಕು. ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು, ಕೊಟ್ಟಿಗೆ, ಆಳುಗಳ ಊಟ ಎಲ್ಲದರಲ್ಲೂ ಅವಳ ದುಡಿಮೆಯಿದ್ದರೂ ಹೆಚ್ಚಿನ ಮನೆಗಳಲ್ಲಿ ಪಹಣಿಯಲ್ಲಾಗಲಿ ಸಹಕಾರಿ ಸೊಸೈಟಿಯ ಖಾತೆಯಲ್ಲಾಗಲಿ ಅವಳ ಹೆಸರಿರುವುದಿಲ್ಲ. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ನೀಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೂ ದೇಶಕ್ಕೆಲ್ಲ 2005ರಲ್ಲಿಯೂ ಜಾರಿಗೆ ಬಂದಿದ್ದರೂ, ಹಕ್ಕುಬಿಡುಗಡೆ ಪತ್ರಕ್ಕೆ ಮಗಳಿಂದ ಸಹಿ ಹಾಕಿಸಿಕೊಳ್ಳುವ ಪದ್ಧತಿ ನಿಂತಿಲ್ಲ. ತವರಿನ ತೋಟವನ್ನೂ ಬಿಟ್ಟುಕೊಟ್ಟು, ಗಂಡನ ತೋಟದಲ್ಲೂ ಹೆಸರಿಲ್ಲದೆ, ಕೈಯಲ್ಲಿರುವ ಸಂಬಳದ ಕೆಲಸವನ್ನು ತೊರೆದು ಬಾ ಎಂದರೆ ಬರಲೊಲ್ಲದವಳನ್ನು ದುರಭಿಮಾನಿಯೆನ್ನಲು ಆಧಾರವೇನು?

ಉಳಿದ ನಂಬಿಕೆಗಳಿಗೆ ಇಷ್ಟು ಮಾತು ಬೇಡ. ಅಡಿಕೆಯ ದರ ಏರಿದರೆ ಮಕ್ಕಳು ಮರಳುತ್ತಾರೆಂಬುದನ್ನು, 2021ರ ನಂತರ ರಾಶಿ ಎಂಬ ದರ್ಜೆಯ ಅಡಿಕೆ ಕ್ವಿಂಟಲಿಗೆ 40 ಸಾವಿರ ರೂಪಾಯಿ ದಾಟಿದ ಮೇಲೂ ಹಾಗೇ ಉಳಿದ ಖಾಲಿ ಮನೆಗಳು ಅಲ್ಲಗಳೆಯುತ್ತವೆ. ಜಿಲ್ಲೆಯ ಜನಸಂಖ್ಯೆಯೇ ಕುಸಿದಿದೆ ಎಂಬುದೂ ಸರಿಯಲ್ಲ: 2001ರಲ್ಲಿ 13,53,644 ಇದ್ದದ್ದು 2011ರಲ್ಲಿ 14,37,169 ಆಗಿದೆ, ಆದರೆ ರಾಜ್ಯ ಶೇಕಡಾ 15.6ರಷ್ಟು ಬೆಳೆದ ಆ ದಶಕದಲ್ಲಿ ಉತ್ತರ ಕನ್ನಡ ಬೆಳೆದದ್ದು ಶೇಕಡಾ 6.2 ಮಾತ್ರ. ಮನೆಗೆ ಮೂರು ಮಕ್ಕಳಾದರೆ ಎಲ್ಲ ಸರಿಹೋಗುತ್ತದೆ ಎನ್ನುವವರು, ಆ ಮೂವರೂ ದುಡಿಯುವ ವಯಸ್ಸಿಗೆ ಬರಲು ಇಪ್ಪತ್ತು ವರ್ಷ ಬೇಕೆಂಬುದನ್ನೂ, ಅಡಿಕೆಯ ಕೊನೆ ಇಳಿಸುವ ಕೊನೆಗೌಡರು ಈಗಲೇ ಸಿಗುತ್ತಿಲ್ಲವೆಂಬುದನ್ನೂ ಗಮನಿಸಿದಂತಿಲ್ಲ.

ಹೆಚ್ಚು ನೋವು ತರುವುದು ಬೇರೆಯೇ ಸಂಗತಿ. 1923ರಲ್ಲೇ ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಶಿರಸಿಯಲ್ಲಿ ಕಟ್ಟಿ, ತೂಕ ಮತ್ತು ದರಗಳ ಮೇಲೆ ಕಣ್ಣಿಟ್ಟು ದಲ್ಲಾಳಿಗಳ ಹಿಡಿತವನ್ನು ಸಡಿಲಿಸಿದ ಸಮಾಜವಿದು. ಇಂದಿಗೂ ಎರಡು ಕಡೆ ಟೆಂಡರ್ ದರ ವಿಚಾರಿಸದೆ ಅಡಿಕೆ ಬಿಡದ ಜನ, ತಮ್ಮದೇ ಹೆಣ್ಣುಮಕ್ಕಳ ಮೇಲಿನ ಆರೋಪವನ್ನು ಮಾತ್ರ ಯಾವ ಲೆಕ್ಕವನ್ನೂ ಕೇಳದೆ ಸಭೆಯಿಂದ ಸಭೆಗೆ ದಾಟಿಸುತ್ತಾರೆ. ಉತ್ತರ ಭಾರತದಿಂದ ವಧುಗಳನ್ನು ಕರೆತರುವ ಪ್ರಸ್ತಾಪಗಳಿಗೆ ಸಿಗುವಷ್ಟು ಗಮನ, ಸೊಸೆಯ ಹೆಸರನ್ನು ಪಹಣಿಗೆ ಸೇರಿಸುವ ಮಾತಿಗೆ ಇನ್ನೂ ಸಿಕ್ಕಿಲ್ಲ.